ಫೋಟೋದ ಫೋಟೋ

ಕ್ಯಾಮೆರಾದಿಂದ ಫೋನಿಗೆ ಫೋಟೋ ಕಳಿಸಲು ಕೂತವರ ಮುಖವನ್ನು ನೀವು ಎಂದಾದರೂ ಗಮನಿಸಿದ್ದೀರಾ? ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗ ಹುಡುಗಿಯನ್ನು ಮಹಡಿಗೆ ಮಾತಾಡಲು ಕಳಿಸಿ, ಕೆಳಗೆ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತ ಹಿರಿಯರ ಮುಖ ಅದು. ಮೇಲೆ ಏನು ನಡೆಯುತ್ತಿದೆಯೋ ತಿಳಿಯದು, ಹೋಗಿ ಕೇಳುವಂತೆಯೂ ಇಲ್ಲ. ನಾನು ತರೀಕೆರೆಯ ಕಾಲೇಜೊಂದರಲ್ಲಿ ಬಹಳ ವರ್ಷ ಭೌತಶಾಸ್ತ್ರ ಪಾಠ ಮಾಡಿದವಳು. ವಿದ್ಯುತ್ಕಾಂತೀಯ ಅಲೆಗಳು ಏನೂ ಇಲ್ಲದ ಶೂನ್ಯವನ್ನು ದಾಟಿ ಸೂರ್ಯನಿಂದ ನಮ್ಮ ಅಂಗಳಕ್ಕೆ ಹೇಗೆ ಬರುತ್ತವೆ ಎಂದು ಬೋರ್ಡಿನ ತುಂಬ ಬರೆದವಳು. ಅದೇ ಅಲೆ ನನ್ನ ಎಡಗೈಯಿಂದ ಬಲಗೈಗೆ ಬರಲಾರದೆ ಒದ್ದಾಡುವುದನ್ನು ನೋಡುವ ಯೋಗ ನಿವೃತ್ತಿಯ ನಂತರ ಬಂತು.

ನಿವೃತ್ತಿಗೆ ನನಗೆ ನಾನೇ ಕೊಟ್ಟುಕೊಂಡ ಉಡುಗೊರೆ ಈ ಕ್ಯಾಮೆರಾ. "ಫೋನಲ್ಲೇ ಇದೆಯಲ್ಲೇ ಕ್ಯಾಮೆರಾ, ಕತ್ತಿಗೆ ಇನ್ನೊಂದು ಭಾರ ಯಾಕೆ?" ಎಂದು ನಮ್ಮವರು ಹೇಳಿದ್ದರು. ಭಾರ ಕತ್ತಿಗೆ ಬಂದಷ್ಟೂ ತಲೆ ಎತ್ತಿ ನಡೆಯಬೇಕೆನಿಸುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಕೊಂಡ ಮೇಲೆ ಫೋನಿನಲ್ಲಿ ಫೋಟೋ ತೆಗೆಯುವುದನ್ನೇ ಬಿಟ್ಟೆ. ಸಂಗೀತ ಕಲಿಯಲು ಹೋದವರು ಬಚ್ಚಲುಮನೆಯಲ್ಲಿ ಗುನುಗುವುದನ್ನು ಬಿಡುತ್ತಾರಲ್ಲ, ಹಾಗೆ.

ಆದರೆ ಪ್ರವಾಸದಲ್ಲಿ ಜೊತೆಗಿದ್ದವರಿಗೆ ಈ ಘನತೆ ಬೇಕಿಲ್ಲ. ಗಾಡಿ ಹತ್ತುವ ಮುಂಚೆಯೇ "ಕಳ್ಸೇ, ಕಳ್ಸೇ" ಎಂದು ಶುರು. ಕ್ಯಾಮೆರಾ ತನ್ನದೇ ಒಂದು ವೈಫೈ ಹೊರಡಿಸುತ್ತದೆ. ಫೋನು ಅದನ್ನು ಹಿಡಿಯುತ್ತದೆ, ಹಿಡಿದ ಕೂಡಲೇ "ಇದರಲ್ಲಿ ಇಂಟರ್‌ನೆಟ್ ಇಲ್ಲ" ಎಂದು ಮೂಗು ಮುರಿದು ಕೈಬಿಡುತ್ತದೆ. ಆಪ್ ತೆರೆದರೆ ತನ್ನನ್ನು ಮೊದಲು ಅಪ್‌ಡೇಟ್ ಮಾಡು ಎನ್ನುತ್ತದೆ. ಕಾರ್ಡ್ ರೀಡರ್ ಯಾವಾಗಲೂ ಮನೆಯ ಡ್ರಾಯರಿನಲ್ಲಿ ಸುಖವಾಗಿರುತ್ತದೆ. ಇವೆಲ್ಲ ಸಾಲದೆಂದು ನಾನು ದೊಡ್ಡ ಕಲಾವಿದೆಯ ಹಾಗೆ ಕ್ಯಾಮೆರಾವನ್ನು 'ರಾ' ಎಂಬ ಕ್ರಮಕ್ಕೆ ಇಟ್ಟಿದ್ದೆ. ಅದರಲ್ಲಿ ತೆಗೆದ ಚಿತ್ರ ಕಂಪ್ಯೂಟರಿನಲ್ಲಿ ಬೆಂದ ಮೇಲೇ ಉಣ್ಣಲು ಬರುವುದು. ದೋಸೆ ಕೇಳಿದವರ ಕೈಗೆ ನೆನೆಸಿದ ಅಕ್ಕಿ ಕೊಟ್ಟ ಹಾಗೆ.

ಇವನ್ನೆಲ್ಲ ಹೇಳಿ ನಗಿಸುತ್ತಿದ್ದ ಕಾಲವೊಂದಿತ್ತು. ಈಗಲೂ ಇಷ್ಟನ್ನು ನಗುತ್ತಲೇ ಹೇಳಬಲ್ಲೆ. ಇದರ ಮುಂದಿನದಕ್ಕೆ ನಗು ಬರುವುದಿಲ್ಲ.

ಗಿರಿಜಕ್ಕ ನನ್ನ ಸ್ವಂತ ಅಕ್ಕ. ಅವಳನ್ನು ಅಜ್ಜಂಪುರಕ್ಕೆ ಕೊಟ್ಟದ್ದು. ಭಾವ ರುದ್ರಪ್ಪನವರು ಅಲ್ಲಿ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ನಡೆಸುತ್ತಿದ್ದರು. ಯಾವ ಊರಿನ ಯಾರ ಹೊಲದಲ್ಲಿ ಹಿಂದಿನ ವರ್ಷ ಏನು ಬೆಳೆದಿತ್ತು ಎಂಬುದನ್ನು ಹೊಲದವನಿಗಿಂತ ಮುಂಚೆ ಇವರು ಹೇಳುತ್ತಿದ್ದರು. ಅಂಥ ತಲೆಯಿಂದ ಒಂದೊಂದೇ ಹೊಲ ಅಳಿಸಿಹೋಗುತ್ತಾ ಬಂತು. ಅಂಗಡಿಯನ್ನು ಬೇರೆಯವರಿಗೆ ವಹಿಸಿದ ಮೇಲೂ ಬೆಳಗ್ಗೆ ಎದ್ದು ಬೀಗದ ಕೈ ಹುಡುಕುವರು. ಉಂಡು ಕೈ ತೊಳೆದು ಬಂದು "ಊಟಕ್ಕೆ ಏನು?" ಎನ್ನುವರು. ಮರೆವಿನ ಕಾಯಿಲೆ ಎಂದರು ಡಾಕ್ಟರು. ಅಕ್ಕ ಅವರ ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇಟ್ಟರೆ ಹರಿದು ಬಿಸಾಡುತ್ತಿದ್ದರು. "ನಾನೇನು ಮಗೂನೇನೇ?" ಮನುಷ್ಯನಿಗೆ ಎಲ್ಲ ಮರೆತರೂ ಮಾನ ಮರೆಯುವುದಿಲ್ಲವಲ್ಲ.

ಅಕ್ಕ ತಿಂಗಳುಗಟ್ಟಲೆ ಮನೆಯ ಹೊಸ್ತಿಲು ದಾಟಿರಲಿಲ್ಲ. ಒಂದು ಚಳಿಗಾಲದ ಭಾನುವಾರ ನಾನೂ ನಮ್ಮವರೂ ತರೀಕೆರೆಯಿಂದ ಕಾರಿನಲ್ಲಿ ಹೋಗಿ ಅವರಿಬ್ಬರನ್ನು ಹತ್ತಿಸಿಕೊಂಡೆವು. ಅಂತರಘಟ್ಟೆಯ ಅಮ್ಮನ ಗುಡಿಯಲ್ಲಿ ಕೈ ಮುಗಿಯುವುದು, ಕಡೂರಿನಲ್ಲಿ ಊಟ, ಆಮೇಲೆ ಎಮ್ಮೆದೊಡ್ಡಿಯ ಕಾವಲಿನ ಹುಲ್ಲುಬಯಲಲ್ಲಿ ಅಮೃತಮಹಲ್ ದನಗಳನ್ನು ನೋಡಿ ಸಂಜೆಗೆ ವಾಪಸು. ದನವೆಂದರೆ ಭಾವನಿಗೆ ಪ್ರಾಣ.

ಅಂತರಘಟ್ಟೆಯಲ್ಲಿ ಜನವಿರಲಿಲ್ಲ. ದೇವಸ್ಥಾನದ ಹೊರಗೆ ಮರದ ಕಟ್ಟೆಯ ಮೇಲೆ ಭಾವನನ್ನು ಕೂರಿಸಿ ಒಂದು ಫೋಟೋ ತೆಗೆದೆ, ಪುಟ್ಟದೊಂದು ವಿಡಿಯೋ ಮಾಡಿದೆ. ಬೂದು ಸ್ವೆಟರು, ಬೋಳಿಸಿದ ಮೀಸೆ, ಬಿಸಿಲಿಗೆ ಕಿರಿದಾದ ಕಣ್ಣು. ಚೆನ್ನಾಗಿ ಬಂತು.

ಕಡೂರಿನ ಹೋಟೆಲಿಗೆ ಎರಡು ಬಾಗಿಲು. ಊಟ ಮುಗಿಸಿ ಭಾವ ಕೈ ತೊಳೆಯಲು ಎದ್ದರು, ನಮ್ಮವರು ಜೊತೆಗೇ ಹೋದರು. ನಲ್ಲಿಯ ಮುಂದೆ ನಮ್ಮವರು ಬಗ್ಗಿ ಮುಖಕ್ಕೆ ನೀರು ಹಾಕಿಕೊಂಡರು. ತಲೆ ಎತ್ತಿದಾಗ ಪಕ್ಕದಲ್ಲಿ ಬೇರೆ ಯಾರೋ ಬಾಯಿ ಮುಕ್ಕಳಿಸುತ್ತಿದ್ದರು. ಅಷ್ಟೇ. ಆಮೇಲೆ ಎಷ್ಟು ಸಲ ಯೋಚಿಸಿದರೂ ಯಾರನ್ನು ಬೈಯಬೇಕೆಂದು ತಿಳಿದಿಲ್ಲ. ಮುಖಕ್ಕೆ ನೀರು ಹಾಕಿಕೊಳ್ಳುವಾಗ ಯಾರೂ ಕಣ್ಣು ಬಿಟ್ಟುಕೊಂಡಿರುವುದಿಲ್ಲ.

ಹೋಟೆಲಿನ ಸುತ್ತ, ಬಸ್ ಸ್ಟ್ಯಾಂಡು, ಸ್ಟೇಷನ್ ರಸ್ತೆ ಎಲ್ಲ ಓಡಾಡಿ ಕೊನೆಗೆ ಪೊಲೀಸರ ಬಳಿ ಹೋದೆವು. ಅಲ್ಲಿದ್ದ ಕಾನ್‌ಸ್ಟೇಬಲ್ ಒಳ್ಳೆಯವನು. ಫೋಟೋ ಕೇಳಿದ. ಅಕ್ಕ ತನ್ನ ಫೋನಿನಲ್ಲಿದ್ದದ್ದನ್ನು ತೋರಿಸಿದಳು: ಮಗಳ ಮದುವೆಯ ಭಾವ, ದಪ್ಪ ಮೀಸೆ, ತುಂಬಿದ ಕೆನ್ನೆ, ರೇಷ್ಮೆ ಶಲ್ಯ.

"ಇದು ಯಾವ್ ಕಾಲದ್ದಮ್ಮ? ಈಗ ಹಿಂಗೇ ಅವ್ರಾ?"

"ಇಲ್ಲಪ್ಪ. ಸೊರಗವ್ರೆ. ಮೀಸೆ ಇಲ್ಲ."

"ಹಂಗಾದ್ರೆ ಇದನ್ನ ನೋಡಿ ಯಾರೂ ಗುರ್ತು ಹಿಡಿಯಲ್ಲ. ಈಚಿಂದು ಇದ್ರೆ ಕೊಡಿ, ಈಗ್ಲೇ ಎಲ್ಲಾ ಗ್ರೂಪಿಗೂ ಹಾಕ್ಬಿಡ್ತೀನಿ. ಬಸ್ಸಿನೋರು, ಆಟೋದೋರು ಎಲ್ಲಾ ಅವ್ರೆ ಅದ್ರಲ್ಲಿ."

"ಬೆಳಗ್ಗೆ ತೆಗ್ದಿದೀವಿ!" ಎಂದಳು ಅಕ್ಕ, ನನ್ನ ಕತ್ತಿನ ಕಡೆ ನೋಡಿ.

ಬೆಂಚಿನ ಮೇಲೆ ಕೂತು ಶುರು ಮಾಡಿದೆ. ವೈಫೈ ಹಿಡಿಯಿತು, ಬಿಟ್ಟಿತು. ಆಪ್ ಅಪ್‌ಡೇಟ್ ಕೇಳಿತು. ಅಪ್‌ಡೇಟಿಗೆ ಕೊಟ್ಟೆ. ಪರದೆಯ ಮೇಲೆ ಒಂದು ನೀಲಿ ವೃತ್ತ ಸುತ್ತತೊಡಗಿತು. ಮುಗಿದ ಮೇಲೆ ಪಾಸ್‌ವರ್ಡ್ ಕೇಳಿತು. ಕೊಟ್ಟೆ. ಮತ್ತೆ ವೃತ್ತ. ನಮ್ಮವರು ಕ್ಯಾಮೆರಾದ ಕಾರ್ಡು ಕಿತ್ತುಕೊಂಡು ಫೋಟೋ ಸ್ಟುಡಿಯೋ ಹುಡುಕಲು ಓಡಿ, ಭಾನುವಾರದ ಮುಚ್ಚಿದ ಬಾಗಿಲುಗಳನ್ನು ನೋಡಿ ಬಂದರು. ಕಾರ್ಡು ಮತ್ತೆ ಒಳಗೆ ಹಾಕಿದೆ. ಈ ಸಲ ಎರಡೂ ಯಂತ್ರಗಳು ಕೈ ಹಿಡಿದವು, ಚಿಕ್ಕ ಚಿಕ್ಕ ಚೌಕಗಳ ಸಾಲು ಮೂಡಿತು. ಭಾವನ ಚೌಕವನ್ನು ಒತ್ತಿದರೆ, ಈ ಬಗೆಯ ಚಿತ್ರವನ್ನು ಕಳಿಸಲು ಆಗುವುದಿಲ್ಲ ಎಂದಿತು.

ಅಕ್ಕ ನನ್ನ ಭುಜಕ್ಕೆ ಒತ್ತಿಕೊಂಡು ಕೂತಿದ್ದಳು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಭಾವ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಅವಳು ಬೆರಳಿನಿಂದ ಆ ಗಾಜನ್ನು ಬಡಿದಳು.

"ಇದ್ರೊಳ್ಗೇ ಅವ್ರಲ್ಲೇ ಶೈಲಾ, ಕಾಣ್ತಾ ಅವ್ರಲ್ಲೇ! ತೆಗಿಯೇ ಆಚೆಗೆ!"

ಮಾಡಬೇಕಾದ ಕೆಲಸ ಆಗ ಹೊಳೆಯಿತು, ಮೊದಲೇ ಹೊಳೆಯಬೇಕಿತ್ತು. ಕ್ಯಾಮೆರಾವನ್ನು ಅಕ್ಕನ ಕೈಗೆ ಕೊಟ್ಟು, ಆ ಪರದೆಯ ಫೋಟೋವನ್ನೇ ಫೋನಿನಲ್ಲಿ ತೆಗೆದೆ. ಅಡ್ಡಡ್ಡ ಗೆರೆಗಳು, ಒಂದು ಮೂಲೆಯಲ್ಲಿ ಬ್ಯಾಟರಿಯ ಗುರುತು, ಇನ್ನೊಂದು ಮೂಲೆಯಲ್ಲಿ ಅಕ್ಕನ ಹೆಬ್ಬೆರಳು, ಭಾವನ ಎದೆಯ ಮೇಲೆ ಕಿಟಕಿಯ ಬೆಳಕು. ಆದರೂ ಭಾವನೇ. "ಇಷ್ಟ್ ಸಾಕು ಮೇಡಂ" ಎಂದು ಕಾನ್‌ಸ್ಟೇಬಲ್ ಅದಕ್ಕೆ ನಾಲ್ಕು ಸಾಲು ಸೇರಿಸಿ, ನನ್ನ ಮತ್ತು ಅಕ್ಕನ ನಂಬರು ಹಾಕಿ ಕಳಿಸಿದ. ನೋಡನೋಡುತ್ತಲೇ ಆ ಚಿತ್ರ ಕಡೂರು, ಬೀರೂರು, ತರೀಕೆರೆ ಎಲ್ಲ ಸುತ್ತಿತು. ನನ್ನ ಎಡಗೈಯಿಂದ ಬಲಗೈಗೆ ಬರಲು ಅಷ್ಟು ಹೊತ್ತು ತೆಗೆದುಕೊಂಡದ್ದು ಅಲ್ಲಿಂದಾಚೆಗೆ ಗಾಳಿಯ ಹಾಗೆ ಓಡಿತು.

ಸ್ವಲ್ಪ ಹೊತ್ತಿನಲ್ಲೇ ಅಕ್ಕನ ಫೋನು ಬಡಿದುಕೊಂಡಿತು. ಒಬ್ಬ ಬಸ್ ಕಂಡಕ್ಟರು. ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದೆವು.

"ಅಮ್ಮಾ, ಫೋಟೋದಾಗಿರೋರು ನಮ್ ಬಸ್ಸಲ್ಲೇ ಇದ್ರು. ಚೌಳಹಿರಿಯೂರಿಗೆ ಅಂತ ಹತ್ತಿದ್ರು. ದಾರಿ ಮಧ್ಯ ಎದ್ದು, ಇಲ್ಲೇ ನಮ್ಮೂರು ನಿಲ್ಸಪ್ಪ ಅಂದ್ರು. ಇಳಿಸ್ಬಿಟ್ಟೆ. ಅವರನ್ನ ಇಳಿಸಿ ರೈಟ್ ಅಂದೆ, ಫೋನ್ ಟಿಣ್ ಅಂತು. ಒಂದ್ ಗಳಿಗೆ ಮುಂಚೆ ಬಂದಿದ್ರೆ ಇಳಿಸ್ತಿರ್ಲಿಲ್ಲ ಕಣಮ್ಮ."

ಚೌಳಹಿರಿಯೂರು ಭಾವನ ಸೋದರಮಾವನ ಊರು. ಚಿಕ್ಕಂದಿನಲ್ಲಿ ಅಲ್ಲೇ ಇದ್ದು ಓದಿದವರು. ಈಗ ಅಲ್ಲಿ ಅವರದೆನ್ನುವವರು ಯಾರೂ ಇಲ್ಲ.

ಕಂಡಕ್ಟರು ಹೇಳಿದ ಜಾಗಕ್ಕೆ ಕಾರು ಓಡಿಸಿಕೊಂಡು ಹೋದೆವು. ರಸ್ತೆಯ ಎರಡೂ ಕಡೆ ಬಯಲು, ರಾಗಿ ಕೊಯ್ದ ಹೊಲಗಳು, ಒಂದು ತಂಗುದಾಣ. ಒಂದು ಅಂಗಡಿಯಾಕೆ, "ನೀರು ಕೇಳಿದ್ರು, ಕೊಟ್ಟೆ. ಆ ಕಡೀಕೆ ಹೋದ್ರು" ಎಂದಳು. ಆ ಕಡೆ ಹೋದೆವು. ಹತ್ತಿರದ ಊರಿನವರೂ ಬಂದರು. ಅಕ್ಕ ಒಂದೊಂದು ಬದುವಿನ ಮೇಲೂ ನಿಂತು "ಏನ್ರೀ… ರೀ…" ಎಂದು ಕೂಗುತ್ತಿದ್ದಳು. ನಲವತ್ತು ವರ್ಷ ಸಂಸಾರ ಮಾಡಿದ ಅಕ್ಕ ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ. ಆ ಬಯಲಿನಲ್ಲಿ "ರೀ" ಎಂದರೆ ಯಾರಿಗೆ ಬೇಕಾದರೂ ಅನ್ವಯಿಸುವ ಕರೆ. ಕೊನೆಗೆ ಕತ್ತಲಾಗುವ ಹೊತ್ತಿಗೆ ಅವಳು "ರುದ್ರಪ್ಪಾ!" ಎಂದು ಕೂಗಿದಳು.

ಮರುದಿನ ಬೆಳಗ್ಗೆ ಕುರಿ ಬಿಡಲು ಹೋದವರು ಕರೆ ಮಾಡಿದರು. ಪಾಳು ಬಿದ್ದ ಪಂಪ್‌ಹೌಸಿನ ಮಗ್ಗುಲಲ್ಲಿ, ಗಾಳಿ ತಾಗದ ಕಡೆಗೆ ಮುಖ ಮಾಡಿ, ಕೈ ತಲೆದಿಂಬು ಮಾಡಿಕೊಂಡು ಮಲಗಿದ್ದರು. ಚಪ್ಪಲಿ ಬಿಚ್ಚಿ ಪಕ್ಕದಲ್ಲಿಟ್ಟಿದ್ದರು. ಹೃದಯ ನಿಂತುಹೋಗಿದೆ, ಚಳಿಯೂ ಸೇರಿದೆ ಎಂದರು ಡಾಕ್ಟರು. ಕುರಿಯವರು ತಮ್ಮ ಫೋನಿನ ಚಿತ್ರ ತೋರಿಸಿ, "ಈ ಸ್ವೆಟ್ರು ನೋಡೇ ಗೊತ್ತಾಯ್ತು ಸಾ" ಎಂದು ನಮ್ಮವರಿಗೆ ಹೇಳಿದರು. ಫೋಟೋ ತನ್ನ ಕೆಲಸ ಮಾಡಿತ್ತು.

ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂ ಹಾಕಿ, ಸುತ್ತ ಮನೆಯವರೆಲ್ಲ ನಿಂತು ಫೋಟೋ ತೆಗೆಸುವ ಪದ್ಧತಿಯಿತ್ತು. ನಮ್ಮಜ್ಜಿಯ ಫೋಟೋ ಎಂದು ಇರುವುದು ಅದೊಂದೇ. ಬದುಕಿದ್ದಾಗ ಅವಳಿಗೊಂದು ಫೋಟೋ ತೆಗೆಸಬೇಕೆಂದು ಯಾರಿಗೂ ಅನಿಸಿರಲಿಲ್ಲ. ಹಾಗಾಗಿ ನನ್ನ ನೆನಪಿನ ಅಜ್ಜಿ ಯಾವಾಗಲೂ ಕಣ್ಣು ಮುಚ್ಚಿಕೊಂಡೇ ಇದ್ದಾಳೆ. ಭಾವನನ್ನು ಕೂರಿಸಿದಾಗ ಯಾರೋ ನೆಂಟರು ಫೋನು ಎತ್ತಿದರು. ಅಕ್ಕ ಅತ್ತಿತ್ತ ನೋಡದೆ, "ಬ್ಯಾಡ, ಇಳಿಸು. ಇರೋದ್ ಸಾಕು" ಎಂದಳು.

ಭಾವನ ಶಿವಗಣಾರಾಧನೆಯ ದಿನಕ್ಕೆ ಚೌಕಟ್ಟು ಹಾಕಿಸಲು ಫೋಟೋ ಬೇಕಾಯಿತು. ದಾವಣಗೆರೆಯಿಂದ ಬಂದಿದ್ದ ಅಕ್ಕನ ಮಗಳ ಮುಂದೆ ಕ್ಯಾಮೆರಾ, ರೀಡರು, ಕಂಪ್ಯೂಟರು ಎಲ್ಲ ಹರವಿಕೊಂಡು ಕೂತೆ. ಒಂದು ಸಲ ಒತ್ತಿದೆ, ಬಂದುಬಿಟ್ಟಿತು. ಗೆರೆಯಿಲ್ಲ, ಹೆಬ್ಬೆರಳಿಲ್ಲ, ಸ್ವೆಟರಿನ ಒಂದೊಂದು ಎಳೆಯೂ ಎಣಿಸುವಷ್ಟು ಸ್ಪಷ್ಟ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟನ್ನು ಯಾವ ಬಟನ್ನಿನ ಮೇಲೆ ಒತ್ತುವುದೆಂದು ತಿಳಿಯಲಿಲ್ಲ.

ವಿಡಿಯೋ ಬೇಕೆಂದು ಅಕ್ಕ ಕೇಳಿದಳು. ಅವಳ ಫೋನಿಗೆ ಹಾಕಿಕೊಟ್ಟೆ. ಅದರಲ್ಲಿ ನಾನು "ಭಾವ, ಏನಾದ್ರೂ ಹೇಳಿ" ಎನ್ನುತ್ತೇನೆ. ಅವರು ಕ್ಯಾಮೆರಾ ನೋಡಿ, "ಏನ್ ಹೇಳ್ಲಮ್ಮ? ಬಿಸ್ಲು ಹಿತವಾಗೈತೆ" ಎನ್ನುತ್ತಾರೆ. ಆಮೇಲೆ ಮುಖ ತಿರುಗಿಸಿ, "ಗಿರ್ಜಾ ಎಲ್ಲಿ?" ಚಿತ್ರದಾಚೆಯಿಂದ ಅಕ್ಕನ ದನಿ: "ಇಲ್ಲೇ ಇದೀನಿ ಕಣ್ರೀ." ಅಕ್ಕ ಅದನ್ನು ಒಂದೇ ಸಲ ನೋಡಿ ಫೋನು ಕವುಚಿಟ್ಟಳು. ಆಮೇಲೆ ನೋಡಿದಳೋ ಇಲ್ಲವೋ, ನಾನು ಕೇಳಿಲ್ಲ.

ಆ ಕಂಡಕ್ಟರಿನ "ಒಂದ್ ಗಳಿಗೆ" ನನ್ನ ಕಿವಿಯಿಂದ ಹೋಗಿಲ್ಲ. ಒಂದು ದಿನ ತಡೆಯಲಾರದೆ ಅಕ್ಕನ ಮುಂದೆ ಆಡಿಬಿಟ್ಟೆ. "ಮೊದ್ಲೇ ಪರದೆಯ ಫೋಟೋ ಹೊಡ್ಕೊಂಡಿದ್ರೆ…" ಅಕ್ಕ ಸೊಪ್ಪು ಸೋಸುತ್ತಿದ್ದಳು. "ಫೋಟೋನೇ ಇಲ್ದಿದ್ರೆ ಅವರು ಆ ಪಂಪ್‌ಹೌಸ್ ಹತ್ರ ಎಷ್ಟ್ ದಿನ ಇರ್ತಿದ್ರೋ ಯೋಚ್ನೆ ಮಾಡು" ಎಂದಳು. ಸಮಾಧಾನಕ್ಕೆ ಹೇಳಿದಳೋ, ನಿಜವಾಗಿ ಹಾಗೇ ಅಂದುಕೊಂಡಿದ್ದಾಳೋ ತಿಳಿಯಲಿಲ್ಲ. ಸೊಪ್ಪು ಮಾತ್ರ ಬಹಳ ಹೊತ್ತು ಸೋಸಿದಳು.

ಫೋನಿಗೆ ಬಂದ ಚಿತ್ರವನ್ನು ಹೊರಗೆ ಕಳಿಸುವುದೆಷ್ಟು ಸುಲಭವೋ, ಕಳಿಸಿದ್ದನ್ನು ವಾಪಸು ಕರೆಸಿಕೊಳ್ಳುವುದು ಅಷ್ಟೇ ಅಸಾಧ್ಯ. "ಸಿಕ್ಕಿದ್ದಾರೆ" ಎಂದು ನಾವು ಹಾಕಿದ ಸುದ್ದಿ ಎಲ್ಲೋ ನಿಂತುಹೋಯಿತು. "ಕಾಣೆಯಾಗಿದ್ದಾರೆ" ಎಂಬುದು ಇನ್ನೂ ಊರೂರು ಸುತ್ತುತ್ತಿದೆ. ಆಗಾಗ ಯಾರೋ ಕರೆ ಮಾಡುತ್ತಾರೆ, ಹೆಸರೇ ಕೇಳದ ಊರುಗಳಿಂದ. ನನಗೆ ಬಂದರೆ ಹೇಗೋ ಎರಡು ಮಾತು ಹೇಳಿ ಇಟ್ಟುಬಿಡುತ್ತೇನೆ. ಅಕ್ಕನಿಗೂ ಬರುತ್ತವೆ. ನಂಬರು ಬದಲಿಸೆಂದು ನಾನೂ ಅವಳ ಮಗಳೂ ಎಷ್ಟೋ ಸಲ ಹೇಳಿದ್ದೇವೆ.

ಮೊನ್ನೆ ಅಜ್ಜಂಪುರದಲ್ಲಿ ಅವಳ ಮನೆಯಲ್ಲಿದ್ದಾಗಲೇ ಒಂದು ಕರೆ ಬಂತು. ದೂರದ ಯಾವುದೋ ಬಸ್ ಸ್ಟ್ಯಾಂಡಿನಿಂದ ಒಬ್ಬ ಗಂಡಸಿನ ದನಿ, ಪಕ್ಕದಲ್ಲಿ ಕೂತ ನನಗೂ ಕೇಳಿಸುತ್ತಿತ್ತು. ಒಬ್ಬರು ವಯಸ್ಸಾದವರು ಬೆಳಗಿಂದ ಕೂತಿದ್ದಾರೆ, ಮಾತಾಡುತ್ತಿಲ್ಲ, ಫೋಟೋದವರ ಹಾಗೇ ಕಾಣುತ್ತಾರೆ ಎಂದ. ಅವಳಿಗೆ ಈ ಹಿಂಸೆ ತಪ್ಪಿಸೋಣವೆಂದು ನಾನು ಫೋನಿಗೆ ಕೈ ಚಾಚಿದೆ. ಅಕ್ಕ ಕೊಡಲಿಲ್ಲ.

"ನಮ್ಮೋರು ಸಿಕ್ಕಿದ್ರಪ್ಪ. ಅವರು ನಮ್ಮೋರಲ್ಲ" ಎಂದಳು. ಆ ಕಡೆಯವನು "ಓ, ಸರಿ ಬಿಡಿ" ಎಂದು ಇಡಲು ಹೊರಟಿರಬೇಕು, ಅಕ್ಕನ ದನಿ ಎತ್ತರವಾಯಿತು. "ಬಿಡಿ ಅಂದ್ರೆ ಹೆಂಗಪ್ಪ? ಯಾರ್ದೋ ಮನೆಯೋರಲ್ವಾ? ಮೊದ್ಲು ನೀರು ಕೊಡು. ಪಕ್ಕದಲ್ಲಿ ಕೂತ್ಕೋ, ಬಸ್ ಹತ್ತಕ್ಕೆ ಬಿಡ್ಬ್ಯಾಡ. ಆಮೇಲೆ ನಿನ್ ಫೋನಲ್ಲೇ ಅವರದೊಂದು ಫೋಟೋ ತೆಗ್ದು ಪೊಲೀಸ್ನೋರಿಗೆ ಕಳ್ಸು. ಈಗ್ಲೇ ಕಳ್ಸು. ನಾನು ಹಂಗೇ ಲೈನಲ್ಲಿರ್ತೀನಿ."

ಅವನು ಕಳಿಸುವವರೆಗೂ ಅಕ್ಕ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.