ಬಿರುಕು ಕಂಡುಬಂದಿಲ್ಲ

ಹಳೆಯ ವಿಮಾನಗಳಲ್ಲಿ ಬಿರುಕು ಹುಡುಕುವುದು ನನ್ನ ಕೆಲಸ. ಪ್ರತಿ ಹಾರಾಟದಲ್ಲೂ ಒಳಗಿನ ಗಾಳಿಯ ಒತ್ತಡಕ್ಕೆ ಉಬ್ಬಿ, ಇಳಿದ ಮೇಲೆ ಕುಗ್ಗಿ, ವಿಮಾನದ ಮೈ ದಣಿಯುತ್ತದೆ. ದಣಿದ ಲೋಹ ರಿವೆಟ್ಟಿನ ಪಕ್ಕದಲ್ಲಿ ಕೂದಲೆಳೆಯಷ್ಟು ಸೀಳುತ್ತದೆ. ಪೆನ್ನಿನಂಥ ಪ್ರೋಬ್ ಹಿಡಿದು ಒಂದೊಂದೇ ರಿವೆಟ್ಟನ್ನು ಸುತ್ತುತ್ತೇನೆ. ನಾಗಪುರದ ಬೇಸಿಗೆಯಲ್ಲಿ ರೆಕ್ಕೆಯೊಳಗೆ ತೂರಿಕೊಂಡರೆ ಹಪ್ಪಳದ ಗತಿ.

ವರದಿಯಲ್ಲಿ ನಾವು 'ಬಿರುಕು ಇಲ್ಲ' ಎಂದು ಬರೆಯುವುದಿಲ್ಲ. 'ಬಿರುಕು ಕಂಡುಬಂದಿಲ್ಲ' ಎನ್ನುತ್ತೇವೆ. ಅದು ಇದೆಯೋ ಇಲ್ಲವೋ ದೇವರಿಗೆ ಗೊತ್ತು, ನಾನು ಸಹಿ ಹಾಕುವುದು ನನ್ನ ಕಣ್ಣಿಗೆ ಕಂಡದ್ದಕ್ಕೆ ಮಾತ್ರ. ಈ ಚಟ ಮನೆಗೂ ಅಂಟಿದೆ. "ಉಪ್ಪಿನ ಡಬ್ಬಿ ಕಪಾಟಿನಾಗ ಐತೇನ್ರೀ?" ಎಂದು ಹೆಂಡತಿ ಕೇಳಿದರೆ "ಕಾಣವಲ್ದು" ಎನ್ನುತ್ತೇನೆ. ಅವಳು ಬಂದು ನನ್ನ ಮೂಗಿನ ಮುಂದಿನಿಂದಲೇ ಅದನ್ನು ತೆಗೆದುಕೊಳ್ಳುತ್ತಾಳೆ.

ಹೋದ ವರ್ಷ ಅವಳ ಎದೆಯಿಂದ ಒಂದು ಗಂಟು ತೆಗೆದರು. ಕ್ಯಾನ್ಸರ್. ಮತ್ತೆ ಬಂದಿದೆಯೇ ಎಂದು ನೋಡಲು ಈ ಬೇಸಿಗೆಯಲ್ಲಿ ಧಂತೋಲಿಯ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್ ಮಾಡಿಸಿದೆವು. ನನಗೆ ಸುಮ್ಮನಿರಲಾಗಲಿಲ್ಲ. ಕೆಲಸಕ್ಕೆ ಮೊದಲು ನಾವು ಬೇಕೆಂದೇ ಸೀಳಿದ ಲೋಹದ ತುಂಡಿನ ಮೇಲೆ ಯಂತ್ರವನ್ನು ಪರೀಕ್ಷಿಸುತ್ತೇವೆ, ನಿಮ್ಮಲ್ಲಿ ಅಂಥದ್ದೇನಿದೆ ಎಂದು ಟೆಕ್ನಿಷಿಯನ್ನನ್ನು ಕೇಳಿದೆ. "ಕಾಕಾ, ಬಾಹೇರ್ ಬಸಾ" ಎಂದು ಆತ ಹೊರಗಿನ ಬೆಂಚು ತೋರಿಸಿದ. ಹೋಗಿ ಕೂತೆ.

ಅವಳು ಬಟ್ಟೆ ಬದಲಿಸುತ್ತಿದ್ದಾಗ ಡಾಕ್ಟರು ನನ್ನನ್ನು ಒಳಗೆ ಕರೆದು, ಸದ್ಯಕ್ಕೆ ಏನೂ ಕಾಣುತ್ತಿಲ್ಲ, ಆರು ತಿಂಗಳು ಬಿಟ್ಟು ಮತ್ತೆ ನೋಡೋಣ ಎಂದರು. ನನ್ನದೇ ವರದಿ. ಅದನ್ನು ಕೇಳಿಸಿಕೊಳ್ಳುವವರ ಕುರ್ಚಿಯಲ್ಲಿ ನಾನು ಎಂದೂ ಕೂತಿರಲಿಲ್ಲ. ಭಯವಾಯಿತು. ಇಲ್ಲ ಅಂತ ಒಂದು ಸಲ ಹೇಳಿಬಿಡಿ ಸಾಹೇಬ್ರೆ ಎಂದು ಗೋಗರೆದೆ. ಅವರು ಅದೇ ಮಾತನ್ನು ಇನ್ನಷ್ಟು ನಿಧಾನವಾಗಿ ಹೇಳಿದರು. ಅವರ ಮೇಲೆ ಗೌರವವೂ ಹುಟ್ಟಿತು, ಕೆಟ್ಟ ಸಿಟ್ಟೂ ಬಂತು.

ಸ್ಕೂಟರಿನ ಹತ್ತಿರ ಹೆಂಡತಿ ಕೇಳಿದಳು, "ಇಲ್ಲ ಅಂದ್ರೋ, ಕಂಡಿಲ್ಲ ಅಂದ್ರೋ?"

ಇಷ್ಟು ವರ್ಷ ನನ್ನೊಡನೆ ಬಾಳಿದವಳು, ಕೇಳದೆ ಬಿಟ್ಟಾಳೆಯೇ? ಸುಳ್ಳು ಹೇಳಲೆಂದೇ ಬಾಯಿ ತೆರೆದೆ. ಆಗಲಿಲ್ಲ. "ಕಂಡಿಲ್ಲ ಅಂದ್ರು" ಎಂದೆ.

ಅವಳು ಸೆರಗು ಸಿಕ್ಕಿಸಿಕೊಂಡು ಹಿಂದೆ ಹತ್ತಿ ಕೂತಳು.

"ನೀವು ಅಷ್ಟ ಬರದು ಕೊಟ್ರ ಮಂದಿ ಮಕ್ಕಳು-ಮರಿ ಕಟ್ಕೊಂಡು ವಿಮಾನ ಹತ್ತತಾರಲ್ರೀ. ನಡೀರಿ, ಜಲ್ದಿ ಇತವಾರಿ ಪ್ಯಾಟಿಗೆ ಹೋಗೋಣು. ಕಿಡಕಿ ಪರದೆದ ಅರಿವಿ ತರೂದೈತಿ."