ಐದನೇ ಚಕ್ರದ ಕುಂಕುಮ

ಬೆಳಗಿನ ಕನಸಿನಲ್ಲಿ ನಮ್ಮ ಕಾರಿನ ಚಕ್ರ ಕಳಚಿಕೊಂಡು ಮುಂದೆ ಉರುಳಿಹೋಗುತ್ತಿತ್ತು, ಮಗಳು ಅದಕ್ಕೆ ಟಾಟಾ ಮಾಡುತ್ತಿದ್ದಳು. ಎದ್ದವಳೇ ಕಾರಿನ ಹತ್ತಿರ ಓಡಿದೆ. ನಗಬೇಡಿ ಸ್ನೇಹಿತರೇ. ಕೊಯಮತ್ತೂರಿನಿಂದ ಬಂದು ವಿಜಯನಗರದ ಅಕ್ಕನ ಮನೆಯಲ್ಲಿ ನಾಲ್ಕು ದಿನ ಇಳಿದುಕೊಂಡಿದ್ದೇವೆ. ನಾಳೆ ಇದೇ ಕಾರಿನಲ್ಲಿ ನಾವು ಮೂವರೂ ಜೈಪುರಕ್ಕೆ ಹೊರಡಬೇಕು.

ನಾಲ್ಕೂ ಚಕ್ರ ಸರಿಯಾಗಿದ್ದವು. ಡಿಕ್ಕಿಯಲ್ಲಿದ್ದ ಹೊಸ ಸ್ಟೆಪ್ನಿ ಮಾತ್ರ ಸವೆದು ನುಣ್ಣಗಾಗಿತ್ತು! ಊರು ಬಿಡುವಾಗ ಪೂಜೆ ಮಾಡಿ ಅದಕ್ಕೂ ಕುಂಕುಮ ಇಟ್ಟಿದ್ದೆ. ಭಾವನದೂ ನಮ್ಮಂಥದೇ ಕಾರು. ತಿರುಗಿ ನೋಡಿದರೆ ಅದರ ಹಿಂದಿನ ಚಕ್ರದಲ್ಲಿ ನನ್ನ ಕುಂಕುಮ.

"ಭಾವ, ಇದು ನಮ್ದಲ್ವಾ?"

"ಡಿಕ್ಕೀಲಿ ಸುಮ್ನೆ ಬಿದ್ದಿತ್ತಲ್ಲಮ್ಮ. ಸ್ಟೆಪ್ನಿ ಹಳೇದಾದ್ರೇನು? ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು, ಟೈರಿನ ವಿಷ್ಯ ನಿಂಗೇನು ಗೊತ್ತಾಗತ್ತೆ?"

"ನಾನಿಟ್ಟ ಕುಂಕುಮ ಗುರುತು ಹಿಡಿಯೋಕೆ ಎಷ್ಟನೇ ಕ್ಲಾಸ್ ಓದಿರ್ಬೇಕು ಭಾವ?"

ಅಕ್ಕ ಕಾಫಿ ಹಿಡಿದು ಬಂದು, "ಒಂದು ಚಕ್ರಕ್ಕೆ ಇಷ್ಟೊಂದು ರಾದ್ಧಾಂತ ಯಾಕೇ? ಮನೆಯವರಲ್ವಾ" ಎಂದಳು. ಮನೆಯವರಾದರೆ ನನ್ನ ಮಗುವಿನ ಜೀವದ ಜೊತೆ ಆಟ ಆಡಬಹುದೇ? ಭಾವ ಗೊಣಗುತ್ತಾ ಜಾಕ್ ತಂದು ಚಕ್ರ ವಾಪಸ್ ಬದಲಿಸುವವರೆಗೂ ನಾನು ಕಾಫಿ ಮುಟ್ಟಲಿಲ್ಲ.

ನಮ್ಮ ಯಜಮಾನರು ಅಷ್ಟು ಹೊತ್ತೂ ಪೇಪರ್ ಓದುತ್ತಿದ್ದರು. ರೀ, ಇದನ್ನೂ ಓದುತ್ತೀರಿ ಅಂತ ಗೊತ್ತು. ನಾಳೆ ಗೇಟು ದಾಟುವ ಮುಂಚೆ ಆ ಐದನೇ ಚಕ್ರವನ್ನು ಇನ್ನೊಂದು ಸಲ ಮುಟ್ಟಿ ನೋಡಿಬಿಡಿ. ಬರೀ ಕುಂಕುಮ ನೋಡಿ ನಂಬಬೇಡಿ, ಕುಂಕುಮ ಭಾವನ ಮನೆಯಲ್ಲೂ ಇದೆ.