ಡೈರಿ ಅಕ್ಕನ ಕೆಂಪು ಪೆನ್ನು

ಬೆಳಿಗ್ಗೆ ಆರು ಗಂಟೆ. ಕೋಣಂದೂರಿನಿಂದ ಮೂರು ಕಿಲೋಮೀಟರ್ ಒಳಗಿರುವ ಹಾಲಿನ ಡೈರಿಯ ಮುಂದೆ ಕ್ಯಾನುಗಳ ಸಾಲು ಆಗಲೇ ರಸ್ತೆಯವರೆಗೆ ಬಂದಿದೆ. ಒಳಗೆ ಮೇಜಿನ ಹಿಂದೆ ನಿಂತ ಜ್ಯೋತಿಲಕ್ಷ್ಮಿ ಒಂದೊಂದೇ ಮನೆಯ ಹಾಲನ್ನು ಉದ್ದನೆಯ ಜಾಡಿಗೆ ಸುರಿದು, ಲ್ಯಾಕ್ಟೋಮೀಟರ್ ಇಳಿಬಿಟ್ಟು, ಅದು ತೇಲಿ ನಿಲ್ಲುವವರೆಗೆ ಕಾಯುತ್ತಾರೆ. ಗಟ್ಟಿ ಹಾಲಾದರೆ ಇಪ್ಪತ್ತೆಂಟು. ನೀರು ಸೇರಿದ್ದರೆ ಸಂಖ್ಯೆ ಕೆಳಗಿಳಿಯುತ್ತದೆ.

ಪುಷ್ಪಮ್ಮನವರ ಹಾಲು ಇಪ್ಪತ್ಮೂರಕ್ಕೆ ನಿಲ್ಲುತ್ತದೆ.

"ಪುಷ್ಪಕ್ಕ, ಇವತ್ತು ದನ ಹೊಳೆ ಈಜಿ ಬಂತಾ?"

"ಎಂತ ಮಾಡದು ಮಾರಾಯ್ತಿ, ಸೊಸೆ ಕ್ಯಾನ್ ತೊಳ್ದವಳು ನೀರು ಬಗ್ಸದೇ ಬಿಟ್ಟಿದ್ಲು!"

ಸಾಲಿನಲ್ಲಿದ್ದವರೆಲ್ಲ ನಗುತ್ತಾರೆ. ಜ್ಯೋತಿಲಕ್ಷ್ಮಿಯೂ ನಗುತ್ತಾರೆ. ಆದರೆ ಪುಸ್ತಕದಲ್ಲಿ ಇಪ್ಪತ್ಮೂರು ಎಂದೇ ಬರೆಯುತ್ತಾರೆ.

ದಿನಕ್ಕೆ ಎರಡು ಹೊತ್ತು, ಅರವತ್ತೆರಡು ಮನೆಗಳ ಹಾಲು, ಹತ್ತೊಂಬತ್ತು ವರ್ಷ. ಊರಿಗೆ ಗೊತ್ತಿರುವ ಜ್ಯೋತಿಲಕ್ಷ್ಮಿ ಇವರು. ಬೆಳಗಿನ ಹಾಲಿನ ಗಾಡಿ ಹೋದ ಮೇಲೆ ಅದೇ ಮೇಜನ್ನು ಒರೆಸಿ, ಕನ್ನಡಕ ಹಾಕಿ, ಕೆಂಪು ಪೆನ್ನು ಹಿಡಿಯುವ ಜ್ಯೋತಿಲಕ್ಷ್ಮಿಯನ್ನು ಬಲ್ಲವರು ಬೇರೆಯೇ ನಾಲ್ಕು ಸಾವಿರ ಜನ. ಅವರಲ್ಲಿ ಬಹುತೇಕರು ಇವರ ಮುಖವನ್ನೇ ನೋಡಿಲ್ಲ.

ಕೆಲವು ವರ್ಷಗಳ ಹಿಂದೆ ಟಿವಿಯಲ್ಲಿ 'ಮೂರನೇ ಪ್ಲಾಟ್‌ಫಾರಂ' ಎಂಬ ಧಾರಾವಾಹಿ ಬರುತ್ತಿತ್ತು. ಸ್ಟೇಷನ್ ಮಾಸ್ಟರ್ ಮಾಲತಿ, ಊರು ಬಿಟ್ಟು ಹೋಗಿ ಮರಳಿ ಬಂದ ಕೇಶವ, ಇವರಿಬ್ಬರ ಕಥೆ. ಇನ್ನೂರ ಹನ್ನೆರಡನೇ ಕಂತಿನಲ್ಲಿ ಕೇಶವ ಸೂಟ್‌ಕೇಸ್ ಹಿಡಿದು ಮೇಲುಸೇತುವೆಯ ಮೆಟ್ಟಿಲ ಮೇಲೆ ನಿಂತ. ಕೆಳಗೆ ಮಾಲತಿ. ಅಷ್ಟಕ್ಕೇ ಧಾರಾವಾಹಿ ನಿಂತುಹೋಯಿತು. ಮರುದಿನ ಆ ಹೊತ್ತಿಗೆ ಅಡುಗೆ ಕಾರ್ಯಕ್ರಮ ಬಂತು.

ಕೇಶವನನ್ನು ಕೆಳಗಿಳಿಸಲೇಬೇಕೆಂದು ಪಣತೊಟ್ಟ ವೀಕ್ಷಕರು ಸೇರಿ ಕಟ್ಟಿಕೊಂಡ ಆನ್‌ಲೈನ್ ಕೂಟವೇ 'ಮೆಟ್ಟಿಲು ಬಳಗ'. ಧಾರಾವಾಹಿ ನಿಂತಲ್ಲಿಂದ ಕಥೆ ಮುಂದುವರಿಸುವುದು ಅಲ್ಲಿನ ಕೆಲಸ. ಈವರೆಗೆ ಆರುನೂರಕ್ಕೂ ಹೆಚ್ಚು ಕಥೆಗಳಾಗಿವೆ. ಅಲ್ಲಿ ಯಾರೂ ನಮಸ್ಕಾರ ಹೇಳುವುದಿಲ್ಲ. "ಇಳಿದ್ನಾ?" ಎಂದು ಒಬ್ಬರು ಕೇಳಿದರೆ "ಇನ್ನೂ ಇಲ್ಲ" ಎಂದು ಇನ್ನೊಬ್ಬರು ಉತ್ತರಿಸಬೇಕು. ಧಾರಾವಾಹಿಯಲ್ಲಿ ಕ್ಯಾಂಟೀನಿನ ಅಜ್ಜಿ ಪ್ರತಿ ಕಂತಿನಲ್ಲೂ ಎಲ್ಲರಿಗೂ ಕಾಫಿ ಕೊಡುತ್ತಿದ್ದಳು, ಒಬ್ಬರೂ ಕುಡಿಯುತ್ತಿರಲಿಲ್ಲ. ಹಾಗಾಗಿ ಬಳಗದಲ್ಲಿ "ಕಾಫಿ ಕುಡಿಸಿಬಿಟ್ರು" ಎಂದರೆ ಕಥೆ ಸುಖವಾಗಿ ಮುಗಿಯಿತು ಎಂದು ಅರ್ಥ.

ಸಂಜೆ ಹಾಲು ಹಾಕಿಸಿಕೊಳ್ಳುವ ಹೊತ್ತಿಗೇ ಧಾರಾವಾಹಿ ಬರುತ್ತಿದ್ದರಿಂದ ಜ್ಯೋತಿಲಕ್ಷ್ಮಿ ಅದನ್ನು ನೋಡಿದ್ದು ಕಡಿಮೆ. ಮರುದಿನ ಯಾರೋ ಬರೆದು ಹಾಕುತ್ತಿದ್ದ ಸಾರಾಂಶ ಓದುತ್ತಿದ್ದರು. "ಅದ್ರಲ್ಲಿ ತಪ್ಪೋ ತಪ್ಪು. ತಡಿಯಕ್ಕಾಗದೆ ಒಂದಿನ ತಿದ್ದಿ ಕಳಿಸ್ದೆ. ಬೈತಾರೇನೋ ಅಂದ್ಕಂಡ್ರೆ, ನಾಳೆದೂ ನೋಡಿ ಕೊಡಿ ಅಂದ್ರು!" ಮುಂದೆ ಧಾರಾವಾಹಿ ನಿಂತು ಬಳಗ ಹುಟ್ಟಿದಾಗಿನಿಂದ ಅದರ ಕಥೆಗಳೆಲ್ಲ ಮೊದಲು ಇವರ ಬಳಿ ಬರುತ್ತವೆ. ಪಿಯುಸಿಯಲ್ಲಿ ಕನ್ನಡಕ್ಕೆ ತೊಂಬತ್ತಾರು ಅಂಕ ಬಂದಿತ್ತು, ಟೀಚರ್ ಆಗುವ ಆಸೆಯಿತ್ತು. ತಂದೆ ಜಟ್ಟಪ್ಪನವರು ಮರದಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ಓದು ನಿಂತಿತು. ಕ್ಯಾನ್ ತೊಳೆಯಲು ಡೈರಿಗೆ ಸೇರಿದವರು ಆಮೇಲೆ ಹಾಲು ಪರೀಕ್ಷೆ ಕಲಿತರು.

ಕಥೆಗೂ ಅವರದು ಅದೇ ಅಳತೆ. ಸುಮ್ಮನೆ ಎಳೆದ ಅಧ್ಯಾಯಕ್ಕೆ "ಇಪ್ಪತ್ತೆರಡು, ನೀರು ಜಾಸ್ತಿ" ಎಂದು ಬರೆಯುತ್ತಾರೆ. ಇಪ್ಪತ್ತೆಂಟು ಸಿಕ್ಕವರು ಅದನ್ನು ತಮ್ಮ ಹೆಸರಿನ ಮುಂದೆ ಹಾಕಿಕೊಂಡು ಮೆರೆಯುತ್ತಾರೆ. ಇವರು ಅಲ್ಲಿ ಇಟ್ಟುಕೊಂಡ ಹೆಸರು 'ಡೈರಿ ಅಕ್ಕ'.

ತಿದ್ದುವ ಪದ್ಧತಿಯೂ ವಿಚಿತ್ರ. ಇಡೀ ಕಥೆಯನ್ನು ನೋಟ್‌ಬುಕ್ಕಿಗೆ ಕೈಯಲ್ಲಿ ಬರೆದುಕೊಂಡು, ಆಮೇಲೆ ಕೆಂಪು ಗುರುತು ಹಾಕುತ್ತಾರೆ. "ಫೋನಲ್ಲಿ ಓದಿದ್ರೆ ಕಣ್ಣು ಜಾರ್ಕಂಡು ಹೋಗುತ್ತೆ. ಕೈಯಲ್ಲಿ ಬರೆದ್ರೆ ತಪ್ಪು ತಾನಾಗೇ ತಡಿಯುತ್ತೆ."

ಒಂದೇ ಒಂದು ದಿನ ಮಾತ್ರ ಹಾಗೆ ಮಾಡಲಿಲ್ಲ. ಕಳೆದ ಮಳೆಗಾಲದಲ್ಲಿ ಹಾಲಿನ ಗಾಡಿ ಕೆಟ್ಟು ನಿಂತಿತ್ತು. ಆ ಗಡಿಬಿಡಿಯಲ್ಲೇ ಸುಮನಾ ಎಂಬ ಹುಡುಗಿಯ ಹದಿನಾಲ್ಕನೇ ಅಧ್ಯಾಯ ಬಂತು. ಬಳಗದಲ್ಲಿ ಎಲ್ಲರೂ ಕಾಯುತ್ತಿದ್ದ ಕಥೆ. ಜ್ಯೋತಿಲಕ್ಷ್ಮಿ ಫೋನಿನಲ್ಲೇ ಕಣ್ಣಾಡಿಸಿ "ಹಾಕು" ಎಂದರು. 'ಕೇಶವ ಮಾಲತಿಯ ಕೈ ಹಿಡಿದ' ಎಂದಿರಬೇಕಾದ ಕಡೆ 'ಕೈ ಕಡಿದ' ಎಂದಿತ್ತು.

ಬಳಗ ನಗೆಯಲ್ಲಿ ಮುಳುಗಿತು. ಮೊದಮೊದಲು ಅದು ಪ್ರೀತಿಯ ನಗೆಯೇ. ಆದರೆ ಸಾಗರದ ರವೀಶ್ ಎಂಬ ಸದಸ್ಯರು "ಮೊದ್ಲು ಕಾಗುಣಿತ ಕಲಿ, ಆಮೇಲೆ ಪ್ರೀತಿ ಬರಿ" ಎಂದು ಬರೆದರು. ಒಂದು ಗಂಟೆಯೊಳಗೆ ಸುಮನಾ ಹದಿನಾಲ್ಕೂ ಅಧ್ಯಾಯಗಳನ್ನು ಅಳಿಸಿ ಬಳಗ ಬಿಟ್ಟಳು. ಅವಳ ಬಳಿಯೂ ಬೇರೆ ಪ್ರತಿಯಿರಲಿಲ್ಲ.

"ಎರಡು ದಿನ ಊಟ ಸೇರ್ಲಿಲ್ಲ" ಎನ್ನುತ್ತಾರೆ ಜ್ಯೋತಿಲಕ್ಷ್ಮಿ. "ತಪ್ಪು ಅವ್ಳದಲ್ಲ, ನಂದು. ನೋಡ್ಬೇಕಾದವಳು ನಾನು. ಹಾಗಂತ ಬಳಗದಲ್ಲೂ ಬರೆದೆ." ಗಂಡ ದುರ್ಗೇಶ್ ಒಂದೇ ಮಾತು ಹೇಳಿದರಂತೆ: "ನೀನು ಬರ್ಕಂಡಿದ್ದು ಇದ್ಯಲ್ಲೇ, ಕೊಟ್ಟು ಬಾ."

ಹೌದು, ನೋಟ್‌ಬುಕ್ಕಿನಲ್ಲಿ ಹದಿಮೂರು ಅಧ್ಯಾಯಗಳಿದ್ದವು. ಸುಮನಾ ಹೊಸನಗರದಲ್ಲಿ ಬಟ್ಟೆ ಹೊಲಿಯುತ್ತಾಳೆ ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಬೆಳಗಿನ ಗಾಡಿ ಕಳಿಸಿ, ಎರಡು ಬಸ್ಸು ಬದಲಿಸಿ ಹೊಸನಗರ ಮುಟ್ಟಿದರು. ಸಂಜೆ ಹಾಲಿನ ಹೊತ್ತಿಗೆ ವಾಪಸಾಗಲೇಬೇಕು. ಸುಮನಾ ಎಂಬ ಹೆಸರು ಹಿಡಿದು ಕೇಳುತ್ತ ಹೋದಾಗ, ನಾಲ್ಕನೇ ಟೈಲರ್ ಅಂಗಡಿಯಲ್ಲಿ ಮಿಷನ್ ಮುಂದೆ ಕೂತ ಹುಡುಗಿ ತಲೆಯೆತ್ತಿದಳು.

"ಬ್ಲೌಸ್ ಅಳತೆಯಾ ಅಕ್ಕಾ?"

"ಅಲ್ಲ ಮಾರಾಯ್ತಿ. ನಿನ್ನ ಕಥೆ ನನ್ನತ್ರ ಉಳ್ಕಂಡಿತ್ತು, ಕೊಟ್ಟು ಹೋಗಾಣ ಅಂತ ಬಂದೆ."

ಸುಮನಾ ನೋಟ್‌ಬುಕ್ ತೆರೆದಳು. ಪುಟದಿಂದ ಪುಟಕ್ಕೆ ತನ್ನದೇ ಮಾತುಗಳು, ಬೇರೆಯವರ ದುಂಡು ಅಕ್ಷರದಲ್ಲಿ. "ನೀವು ಡೈರಿ ಅಕ್ಕನಾ? ನೀವು ಕಾಲೇಜ್ ಮೇಡಂ, ದಿನಾ ಡೈರಿ ಬರೀತೀರ, ಅದಕ್ಕೇ ಆ ಹೆಸರು ಅಂದ್ಕೊಂಡಿದ್ದೆ!"

"ಹಾಲಿನ ಡೈರಿ ಕಣೇ!"

ಇಬ್ಬರೂ ನಕ್ಕ ನಗುವಿಗೆ ಪಕ್ಕದ ಅಂಗಡಿಯವರು ಇಣುಕಿ ನೋಡಿದರು. ನಗುತ್ತಲೇ ಸುಮನಾ ಅತ್ತುಬಿಟ್ಟಳು. "ಬಸ್ಸಿಗೆ ಹೊತ್ತಾಯ್ತು ಅಂತ ನಾನು ಹೊರಟ್ರೆ, ಸೆರಗು ಹಿಡ್ಕಂಡು ಚಾ ಕುಡಿಸಿಯೇ ಕಳಿಸಿದ್ಲು" ಎಂದು ಜ್ಯೋತಿಲಕ್ಷ್ಮಿ ನೆನೆಯುತ್ತಾರೆ.

ಹದಿಮೂರು ಅಧ್ಯಾಯಗಳು ಬಳಗಕ್ಕೆ ಮರಳಿದವು. ಹದಿನಾಲ್ಕನೆಯದನ್ನು ಸುಮನಾ ಹೊಸದಾಗಿ ಬರೆದಳು. ಮೊದಲಿನದಕ್ಕಿಂತ ಚೆನ್ನಾಗಿತ್ತು. ಕೇಶವ ಮೆಟ್ಟಿಲಿಳಿದ, ಮಾಲತಿಯ ಕೈ ಹಿಡಿದ, ಇಬ್ಬರೂ ಅಜ್ಜಿಯ ಕಾಫಿ ಕುಡಿದರು. ಆ ದಿನ ಬಳಗದ ತುಂಬ ಇಪ್ಪತ್ತೆಂಟು, ಇಪ್ಪತ್ತೆಂಟು ಎಂಬುದೊಂದೇ. ರವೀಶ್ ಎಲ್ಲರೆದುರೇ ಕ್ಷಮೆ ಕೇಳಿದರು. ಡೈರಿ ಅಕ್ಕ ಯಾರೆಂದು ಸುಮನಾಳಿಂದ ತಿಳಿದದ್ದೇ ತಡ, ಎಲ್ಲರೂ ಒಮ್ಮೆ ಸೇರೋಣ ಎಂದವರೂ ಅವರೇ.

ಮಾರ್ಚ್ ತಿಂಗಳ ಒಂದು ಭಾನುವಾರ ಸಾಗರದ ಒಂದು ಪುಟ್ಟ ಸಭಾಂಗಣದಲ್ಲಿ ನಲವತ್ತೊಂದು ಜನ ಸೇರಿದರು. ಲೆಕ್ಚರರ್, ನರ್ಸ್, ಗೃಹಿಣಿ, ಹೀಗೆ ಒಬ್ಬೊಬ್ಬರೇ ಪರಿಚಯ ಹೇಳಿಕೊಂಡರು. ಹಿಂದಿನ ಸಾಲಿನಲ್ಲಿ ಕೂತಿದ್ದ ಜ್ಯೋತಿಲಕ್ಷ್ಮಿ ಎದ್ದು, "ನಾನು ಹಾಲು ನೋಡ್ತೀನಿ, ಕಥೆನೂ ನೋಡ್ತೀನಿ" ಎಂದಷ್ಟೇ ಹೇಳಿದರು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅವರು ಗಾಬರಿಯಾಗಿ, ಯಾರಾದರೂ ದೊಡ್ಡವರು ಬಂದರೇನೋ ಎಂದು ಬಾಗಿಲ ಕಡೆ ತಿರುಗಿ ನೋಡಿದರಂತೆ.

"ಇಷ್ಟು ಜನರದು ತಿದ್ದಿದ್ರಿ, ನಿಮಗೆ ಬರೆಯೋ ಆಸೆ ಇಲ್ವಾ?" ಎಂದು ಕೇಳುತ್ತೇನೆ.

ಸಂಜೆಯ ಹಾಲಿಗೆ ಜಾಡಿ ತೊಳೆಯುತ್ತಿರುವ ಜ್ಯೋತಿಲಕ್ಷ್ಮಿಯ ಮುಖ ಕೆಂಪಾಗುತ್ತದೆ. "ಒಂದು ಬರೆದೀನಿ. ನಾಕು ಪುಟ. ಸೀರಿಯಲ್ದಲ್ಲ, ನಂದೇ ಕಥೆ."

ನೋಡಬಹುದೇ ಎಂದರೆ ತಲೆಯಾಡಿಸುತ್ತಾರೆ.

"ಈಗ್ಲೇ ಇಲ್ಲ. ಸುಮನಾಗೆ ಕಳ್ಸಿದೀನಿ. ಅವ್ಳು ತಿದ್ದಿ ಕೊಡ್ಲಿ."